ಹೃದಯದ ಗೋಡೆ ದಪ್ಪವಾಗುವುದರಲ್ಲಿ ಮೈಕ್ರೋಆರ್‌ಎನ್‌ಎ ಪಾತ್ರ ಎಷ್ಟು?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಹತ್ತು ವರ್ಷದಿಂದ ಬಿಪಿ ಇದೆ, ಆದರೆ ಮಾತ್ರೆಯನ್ನು ಆಗಾಗ ಬಿಟ್ಟುಬಿಡುತ್ತಾರೆ. ಈಚೆಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದಾಗ ಹೃದಯದ ಎಡಗಡೆಯ ಕೆಳಕೋಣೆಯ ಗೋಡೆ 14 ಮಿಲಿಮೀಟರ್ ದಪ್ಪ ಇದೆ, ಎಲ್‌ವಿಎಚ್ (ಎಡ ಕೆಳಕೋಣೆ ದಪ್ಪವಾಗಿರುವುದು) ಎಂದು ಬರೆದಿದ್ದಾರೆ. ನಾನು ಜೀವವಿಜ್ಞಾನ ಓದಿದವಳು. 2024ರ ನೊಬೆಲ್ ಬಂದ ಮೇಲೆ ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಮೈಕ್ರೋಆರ್‌ಎನ್‌ಎ ಬಗ್ಗೆ ಓದುತ್ತಾ ಹೋದಾಗ, ಹೃದಯ ದಪ್ಪವಾಗುವುದಕ್ಕೂ ಇವಕ್ಕೂ ಸಂಬಂಧ ಇದೆ ಎಂದು ಗೊತ್ತಾಯಿತು. ಹಾಗಾದರೆ ಕಾರಣ ಇವೇನಾ? ರಕ್ತದಲ್ಲಿ ಇವನ್ನು ಅಳೆಸಬಹುದಾ? ಇವನ್ನು ತಡೆಯುವ ಔಷಧಿ ಬಂದಿದೆಯಾ?

ಉತ್ತರ: ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಿಧಾನವಾಗಿ ಮಾತಾಡೋಣ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ತಂದೆಯವರ ಹೃದಯದ ಗೋಡೆ ದಪ್ಪವಾಗಲು ಮೂಲ ಕಾರಣ ಹೆಚ್ಚಾಗಿ ಬಿಪಿಯೇ, ಮೈಕ್ರೋಆರ್‌ಎನ್‌ಎ ಅಲ್ಲ. ಆದರೆ ಆ ಹೊರೆ ಬಿದ್ದ ಮೇಲೆ ಹೃದಯ ಹೇಗೆ ಬೆಳೆಯಬೇಕು, ಎಲ್ಲಿ ನಿಲ್ಲಬೇಕು, ಯಾಕೆ ಕೆಲವೊಮ್ಮೆ ನಿಲ್ಲದೆ ಹಾಳಾಗುವವರೆಗೂ ಹೋಗುತ್ತದೆ ಎನ್ನುವುದರಲ್ಲಿ ಇವುಗಳ ಕೈ ದೊಡ್ಡದು. ರಕ್ತ ಪರೀಕ್ಷೆ ಸದ್ಯಕ್ಕೆ ಬೇಡ. ಚೀಟಿಯಲ್ಲಿ ಬರೆದುಕೊಡುವಂಥ ಔಷಧಿ ಇನ್ನೂ ಇಲ್ಲ, ಪ್ರಯತ್ನ ಮಾತ್ರ ಗಂಭೀರವಾಗಿ ನಡೆದಿದೆ.

ಮೊದಲು ಆ 14 ಮಿಲಿಮೀಟರ್ ಅಂದರೆ ಏನು ಅಂತ ನೋಡೋಣ. ಗಂಡಸರಲ್ಲಿ ಎಡ ಕೆಳಕೋಣೆಯ ಗೋಡೆ ಸಾಮಾನ್ಯವಾಗಿ 10 ಮಿಲಿಮೀಟರ್ ಒಳಗೆ ಇರುತ್ತದೆ. ಎಕೋ ಮಾಡುವವರು ಹೃದಯ ಪೂರ್ತಿ ಹಿಗ್ಗಿ ರಕ್ತ ತುಂಬಿಕೊಂಡ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ, ಗೋಡೆಯ ಈ ಅಂಚಿನಿಂದ ಆ ಅಂಚಿಗೆ ಎರಡು ಚುಕ್ಕೆ ಇಟ್ಟು ಅಳೆಯುತ್ತಾರೆ. ನಾಲ್ಕು ಮಿಲಿಮೀಟರ್ ಹೆಚ್ಚು ಅಂದರೆ ಕೇಳಲು ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಹೊಸ ಸ್ನಾಯುಕೋಶ ಹುಟ್ಟಿ ಆ ದಪ್ಪ ಬಂದದ್ದಲ್ಲ. ದೊಡ್ಡವರ ಹೃದಯದಲ್ಲಿ ಸ್ನಾಯುಕೋಶಗಳು ಹೆಚ್ಚುಕಡಿಮೆ ಒಡೆದು ಎರಡಾಗುವುದೇ ಇಲ್ಲ. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಒಂದರಷ್ಟು ಕೋಶ ಹೊಸದಾಗುತ್ತದೆ, ವಯಸ್ಸಾದಂತೆ ಅದೂ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಇದ್ದ ಕೋಶಗಳೇ ಒಂದೊಂದೂ ಉಬ್ಬಿ, ಒಳಗೆ ಹೊಸ ಎಳೆಗಳನ್ನು ಜೋಡಿಸಿಕೊಂಡು ದಪ್ಪವಾಗಬೇಕು.

ಇದು ಶುರುವಾಗುವುದು ಒಳ್ಳೆಯ ಉದ್ದೇಶಕ್ಕೇ. ಬಿಪಿ ಜಾಸ್ತಿ ಇದ್ದಾಗ ಪ್ರತಿ ಬಡಿತದಲ್ಲೂ ಹೃದಯ ಹೆಚ್ಚು ಒತ್ತಡದ ಎದುರು ರಕ್ತ ತಳ್ಳಬೇಕು. ಗೋಡೆ ದಪ್ಪವಾದರೆ ಆ ಹೊರೆ ಹೆಚ್ಚು ಎಳೆಗಳ ಮೇಲೆ ಹಂಚಿಹೋಗುತ್ತದೆ, ಒಂದೊಂದು ಎಳೆಗೆ ಬೀಳುವ ಭಾರ ಕಡಿಮೆಯಾಗುತ್ತದೆ. ತೊಂದರೆ ಬರುವುದು ಹೊರೆ ವರ್ಷಗಟ್ಟಲೆ ಇಳಿಯದಿದ್ದಾಗ. ಕೋಶಗಳು ಬೆಳೆದಷ್ಟು ಬೇಗ ಅವಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಬೆಳೆಯುವುದಿಲ್ಲ. ಕೋಶಗಳ ನಡುವೆ ಗಾಯದ ಕಲೆಯಂಥ ನಾರು ತುಂಬಿಕೊಳ್ಳುತ್ತದೆ. ಗೋಡೆ ಗಡುಸಾಗಿ, ಹಿಗ್ಗಲಾರದೆ ಹೋಗುತ್ತದೆ, ಕೊನೆಗೆ ಕೆಲವರಲ್ಲಿ ಪಂಪ್ ಮಾಡುವ ಶಕ್ತಿಯೂ ಕುಸಿಯುತ್ತದೆ. ಸಹಾಯಕ್ಕೆ ಶುರುವಾದದ್ದು ಹಾನಿಯ ಕಡೆಗೆ ತಿರುಗುವ ಈ ತಿರುವಿನಲ್ಲೇ ಮೈಕ್ರೋಆರ್‌ಎನ್‌ಎಗಳು ಕೂತಿರುತ್ತವೆ.

ನೀವು ಓದಿದವರು, ಆದರೂ ಬೇರೆ ಓದುಗರಿಗಾಗಿ ಎರಡು ಮಾತು. ಜೀನ್‌ನಿಂದ ಎಂಆರ್‌ಎನ್‌ಎ ಎಂಬ ಸಂದೇಶ ಬರುತ್ತದೆ, ಅದನ್ನು ಓದಿಕೊಂಡು ಕೋಶ ಪ್ರೋಟೀನ್ ಮಾಡುತ್ತದೆ. ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರದ ತೀರಾ ಚಿಕ್ಕ ಆರ್‌ಎನ್‌ಎ ತುಂಡು. ಇದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಆರ್ಗೊನಾಟ್ ಎಂಬ ಪ್ರೋಟೀನಿನ ಒಳಗೆ ಕೂತು, ತನ್ನ ಮೊದಲ ಏಳೆಂಟು ಅಕ್ಷರಗಳಿಗೆ ಹೊಂದುವ ಸಾಲು ಯಾವ ಎಂಆರ್‌ಎನ್‌ಎಯ ಬಾಲದಲ್ಲಿ ಇದೆಯೋ ಅದಕ್ಕೆ ಅಂಟಿಕೊಂಡು, ಅದನ್ನು ಓದದಂತೆ ತಡೆಯುತ್ತದೆ ಇಲ್ಲವೇ ಬೇಗ ಹಾಳಾಗುವಂತೆ ಮಾಡುತ್ತದೆ. 2024ರ ನೊಬೆಲ್ ಪಡೆದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕನ್ 1993ರಲ್ಲಿ ಇದನ್ನು ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. ಏಳು ವರ್ಷ ಇದು ಹುಳಕ್ಕೆ ಮಾತ್ರ ಸೇರಿದ ವಿಚಿತ್ರ ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು. 2000ದಲ್ಲಿ ರವ್‌ಕನ್ ಅವರ ತಂಡ ಲೆಟ್-7 ಎಂಬ ಇನ್ನೊಂದನ್ನು ಕಂಡುಹಿಡಿದು, ಅದು ಮನುಷ್ಯನವರೆಗೂ ಹಾಗೇ ಉಳಿದುಬಂದಿದೆ ಎಂದು ತೋರಿಸಿದ ಮೇಲೆ ಎಲ್ಲರೂ ಕಣ್ಣು ಬಿಟ್ಟರು.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಮೈಕ್ರೋಆರ್‌ಎನ್‌ಎ ಒಂದು ಪ್ರೋಟೀನನ್ನು ಪೂರ್ತಿ ನಿಲ್ಲಿಸುವುದು ಅಪರೂಪ. ಹತ್ತಾರು, ಕೆಲವೊಮ್ಮೆ ನೂರಾರು ಸಂದೇಶಗಳನ್ನು ಒಂದೇ ಸಲಕ್ಕೆ ಸ್ವಲ್ಪ ಸ್ವಲ್ಪ ತಗ್ಗಿಸುತ್ತದೆ. ಒಂದೊಂದಾಗಿ ನೋಡಿದರೆ ಏನೂ ಅಲ್ಲ, ಒಟ್ಟಾಗಿ ನೋಡಿದರೆ ಕೋಶದ ಸ್ವಭಾವವೇ ಬದಲಾಗಬಹುದು.

ಹೃದಯಕ್ಕೆ ಬರೋಣ. ಈ ಕ್ಷೇತ್ರದ ಬಹುಪಾಲು ಪ್ರಯೋಗಗಳು ಇಲಿಯ ಮೇಲೆ ನಡೆದವು, ಅದೂ ಒಂದು ಗೊತ್ತಾದ ಕ್ರಮದಲ್ಲಿ. ಇಲಿಯ ಎದೆ ತೆರೆದು, ಹೃದಯದಿಂದ ಹೊರಡುವ ಮಹಾಧಮನಿಯ ಮೇಲೆ ಒಂದು ಸಣ್ಣ ಸೂಜಿ ಇಟ್ಟು, ಸೂಜಿ ಮತ್ತು ಧಮನಿ ಎರಡನ್ನೂ ಸೇರಿಸಿ ದಾರ ಬಿಗಿಯುತ್ತಾರೆ. ಆಮೇಲೆ ಸೂಜಿಯನ್ನು ಮೆಲ್ಲಗೆ ಎಳೆದು ತೆಗೆಯುತ್ತಾರೆ. ಈಗ ಧಮನಿಯಲ್ಲಿ ಸೂಜಿಯ ದಪ್ಪದಷ್ಟೇ ದಾರಿ ಉಳಿಯುತ್ತದೆ. ಆ ಪುಟ್ಟ ಹೃದಯ ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸಲ ಬಡಿಯುತ್ತಾ ಆ ಕಿರಿದಾದ ದಾರಿಯಲ್ಲೇ ರಕ್ತ ತಳ್ಳಬೇಕು. ಕೆಲವೇ ವಾರಗಳಲ್ಲಿ ಗೋಡೆ ದಪ್ಪವಾಗುತ್ತದೆ. ಬಿಪಿ ನಿಮ್ಮ ತಂದೆಗೆ ಹತ್ತು ವರ್ಷದಲ್ಲಿ ಮಾಡಿದ್ದನ್ನು ಈ ದಾರ ವಾರಗಳಲ್ಲಿ ಮಾಡುತ್ತದೆ ಅಂತ ಇಟ್ಟುಕೊಳ್ಳಿ.

2006ರಲ್ಲಿ ಅಮೆರಿಕದ ಡಲ್ಲಾಸ್‌ನ ಎರಿಕ್ ಓಲ್ಸನ್ ಅವರ ಲ್ಯಾಬಿನಲ್ಲಿ ಎವಾ ವಾನ್ ರೂಯ್ ಮತ್ತು ಜೊತೆಗಾರರು ಇಂಥ ಹೃದಯಗಳನ್ನು ತೆಗೆದುಕೊಂಡು, ಯಾವ ಮೈಕ್ರೋಆರ್‌ಎನ್‌ಎ ಏರಿದೆ, ಯಾವುದು ಇಳಿದಿದೆ ಎಂದು ಪಟ್ಟಿ ಮಾಡಿದರು. ಸೋಲುವ ಹಂತ ಮುಟ್ಟಿದ ಮನುಷ್ಯರ ಹೃದಯದಲ್ಲೂ ಆ ಪಟ್ಟಿಯ ಕೆಲವು ಹಾಗೇ ಏರಿಳಿದಿದ್ದವು. ಏರಿಳಿತ ಕಂಡಿತು ಅಂದ ಮಾತ್ರಕ್ಕೆ ಅದೇ ಕಾರಣ ಅನ್ನೋಕಾಗಲ್ಲ. ಅದಕ್ಕೆ ಅವರು ಮುಂದಿನ ಹೆಜ್ಜೆ ಇಟ್ಟರು. ಏರಿದ್ದವುಗಳಲ್ಲಿ ಒಂದಾದ ಮಿರ್-195 (ಮಿರ್ ಅಂದರೆ ಮೈಕ್ರೋಆರ್‌ಎನ್‌ಎಯ ಚಿಕ್ಕ ಹೆಸರು) ಅನ್ನು ದಾರ ಗೀರ ಏನೂ ಇಲ್ಲದ ಆರೋಗ್ಯವಂತ ಇಲಿಯ ಹೃದಯದಲ್ಲಿ ಜಾಸ್ತಿ ಮಾಡಿ ನೋಡಿದರು. ಹೊರೆಯೇ ಇಲ್ಲದಿದ್ದರೂ ಹೃದಯ ಬೆಳೆಯಿತು, ಆಮೇಲೆ ಸೋತಿತು. ಇವು ಬರೀ ಸಾಕ್ಷಿಗಳಲ್ಲ, ಕೆಲಸ ಮಾಡುವವು ಎಂದು ಅಲ್ಲಿ ಗೊತ್ತಾಯಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಕಥೆ ಮಿರ್-208ದು. ಹೃದಯದ ಸ್ನಾಯು ಸಂಕುಚಿಸಲು ಮಯೋಸಿನ್ ಎಂಬ ಪ್ರೋಟೀನ್ ಬೇಕು. ಇದರಲ್ಲಿ ಆಲ್ಫಾ ಎಂಬ ಚುರುಕಿನ ಬಗೆ ಒಂದು, ಬೀಟಾ ಎಂಬ ನಿಧಾನದ ಬಗೆ ಇನ್ನೊಂದು. ಬೆಳೆದ ಇಲಿಯ ಹೃದಯದಲ್ಲಿ ಇರುವುದು ಬಹುತೇಕ ಆಲ್ಫಾ. ಹೊರೆ ಬಿದ್ದಾಗ ಅದು ಹುಟ್ಟುವ ಮುಂಚೆ ಬಳಸುತ್ತಿದ್ದ ಬೀಟಾ ಕಡೆಗೆ ವಾಪಸ್ ಹೋಗುತ್ತದೆ. ಕಷ್ಟ ಬಂದಾಗ ಹೃದಯ ತನ್ನ ಭ್ರೂಣಾವಸ್ಥೆಯ ಜೀನ್‌ಗಳನ್ನು ಮತ್ತೆ ತೆರೆಯುವುದು ಹೃದಯ ದಪ್ಪವಾಗುವ ರೋಗದ ಒಂದು ಗುರುತು. ಈಗ ಸ್ವಾರಸ್ಯ ನೋಡಿ: ಮಿರ್-208ರ ಸಾಲು ಬೇರೆಲ್ಲೂ ಇಲ್ಲ, ಆಲ್ಫಾ ಮಯೋಸಿನ್ ಜೀನ್‌ನ ಒಳಗೇ, ಪ್ರೋಟೀನ್ ಮಾಡುವಾಗ ಕತ್ತರಿಸಿ ತೆಗೆಯುವ ಇಂಟ್ರಾನ್ ಭಾಗದಲ್ಲಿ ಅಡಗಿದೆ. ಅಂದರೆ ಆಲ್ಫಾ ಮಯೋಸಿನ್ ಮಾಡುವ ಜೀನೇ, ಬೀಟಾ ಮಯೋಸಿನ್ ಬರಬೇಕೋ ಬೇಡವೋ ಎಂದು ಹೇಳುವ ಚಿಕ್ಕ ತುಂಡನ್ನೂ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. 2007ರಲ್ಲಿ ಅದೇ ತಂಡ ಮಿರ್-208 ಇಲ್ಲದ ಇಲಿಗಳನ್ನು ಮಾಡಿತು. ಮೇಲ್ನೋಟಕ್ಕೆ ಅವು ಚೆನ್ನಾಗೇ ಇದ್ದವು. ಧಮನಿಗೆ ದಾರ ಬಿಗಿದಾಗ ಬೇರೆ ಇಲಿಗಳ ಹೃದಯ ದಪ್ಪವಾಯಿತು, ನಾರು ತುಂಬಿತು. ಇವುಗಳ ಹೃದಯ ಹೆಚ್ಚು ಬೆಳೆಯಲೇ ಇಲ್ಲ, ಬೀಟಾ ಮಯೋಸಿನ್ನೂ ಏರಲಿಲ್ಲ. ಹೊರೆ ಅಷ್ಟೇ ಇತ್ತು, ಹೊರೆಗೆ ಕೊಡುವ ಉತ್ತರ ಮಾತ್ರ ಬದಲಾಗಿತ್ತು. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನ್ನ ಬಳಿ ಇಲ್ಲ.

2011ರಲ್ಲಿ, ಉಪ್ಪು ತಿಂದರೆ ಬಿಪಿ ಏರುವ ತಳಿಯ ದೊಡ್ಡ ಇಲಿಗಳಿಗೆ ಮಿರ್-208 ಅನ್ನು ಕಟ್ಟಿಹಾಕುವ ಔಷಧಿಯನ್ನು ಚರ್ಮದಡಿಗೆ ಚುಚ್ಚಿದಾಗ ಹೃದಯದ ಕೆಲಸ ಸುಧಾರಿಸಿತು, ಹೆಚ್ಚು ಇಲಿಗಳು ಬದುಕುಳಿದವು. ಇಷ್ಟು ಓದಿದವರಿಗೆ ಇನ್ನೇನು, ಔಷಧಿ ಬಂದೇಬಿಟ್ಟಿತು ಅನ್ನಿಸುತ್ತದೆ. ಆದರೆ ಮನುಷ್ಯರ ಕೆಳಕೋಣೆಯಲ್ಲಿ ಲೆಕ್ಕ ತಿರುಗಾಮುರುಗಾ. ನಮ್ಮಲ್ಲಿ ಮೊದಲಿನಿಂದಲೂ ಬೀಟಾ ಮಯೋಸಿನ್ನೇ ಬಹುಪಾಲು. ಆದ್ದರಿಂದ ಇಲಿಯಲ್ಲಿ ಕಂಡ ಲಾಭವನ್ನು ಹಾಗೇ ಎತ್ತಿ ಮನುಷ್ಯನಿಗೆ ಹೊಂದಿಸಲು ಬರುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಮಿರ್-208 ಬಗ್ಗೆ ಸಿಗುವ ಉತ್ಸಾಹದ ಬರಹಗಳಲ್ಲಿ ಈ ಒಂದು ವಾಕ್ಯ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ, ಯಾಕೆಂದರೆ ಅದನ್ನು ಓದುವವರಲ್ಲಿ ನಿಮ್ಮಂತೆ ಮನೆಯಲ್ಲೇ ರೋಗಿ ಇರುವವರು ಜಾಸ್ತಿ.

ಬೆಳೆಸುವವು ಇದ್ದ ಹಾಗೆ ತಡೆಯುವವೂ ಇವೆ. ಮಿರ್-1 ಮತ್ತು ಮಿರ್-133 ಹೃದಯದ ಸ್ನಾಯುವಿನಲ್ಲಿ ಹೇರಳವಾಗಿರುತ್ತವೆ, ಬ್ರೇಕಿನಂತೆ ಬೆಳವಣಿಗೆಯನ್ನು ಹಿಡಿದಿಡುತ್ತವೆ. ಗೋಡೆ ದಪ್ಪವಾಗುವಾಗ ಇವು ಇಳಿಯುತ್ತವೆ. 2007ರಲ್ಲಿ ಇಟಲಿಯ ಜಾನ್‌ಲುಯಿಜಿ ಕೊಂಡೊರೆಲ್ಲಿ ಮತ್ತು ಅಲೆಸ್ಸಾಂಡ್ರಾ ಕಾರೆ ಅವರಿದ್ದ ತಂಡ, ಇಲಿಗಳಲ್ಲಿ ಮಿರ್-133 ಅನ್ನು ಔಷಧಿಯಿಂದ ತಡೆದರೆ ಅಷ್ಟಕ್ಕೇ ಹೃದಯ ದಪ್ಪವಾಗುತ್ತದೆ ಎಂದು ತೋರಿಸಿತು. ಅದಾದ ಮರುವರ್ಷವೇ ಇನ್ನೊಂದು ಫಲಿತಾಂಶ ಬಂತು. ಹುಟ್ಟಿನಿಂದಲೇ ಮಿರ್-133ಎ ಪೂರ್ತಿ ಇಲ್ಲದ ಇಲಿಮರಿಗಳಲ್ಲಿ ಅನೇಕವು ಹೃದಯದ ನಡುಗೋಡೆಯ ತೂತಿನಿಂದ ಸತ್ತವು, ಬದುಕಿದವುಗಳ ಹೃದಯ ದಪ್ಪವಾಗಲಿಲ್ಲ, ಬದಲಿಗೆ ತೆಳುವಾಗಿ ಹಿಗ್ಗಿ ಸೋತಿತು. ಎರಡೂ ಸರಿಯಾದ ಪ್ರಯೋಗಗಳೇ. ಹುಟ್ಟಿನಿಂದ ಇಲ್ಲದಿರುವುದು ಬೇರೆ, ದೊಡ್ಡದಾದ ಮೇಲೆ ಥಟ್ಟನೆ ಕಸಿದುಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ದೇಹ ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಮಿರ್-21ರ ವಿಷಯದಲ್ಲಂತೂ ದೊಡ್ಡ ಜಗ್ಗಾಟವೇ ನಡೆಯಿತು. ಇದು ಹೃದಯದ ಸ್ನಾಯುಕೋಶಕ್ಕಿಂತ ಹೆಚ್ಚಾಗಿ ಪಕ್ಕದ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ, ಅಂದರೆ ನಾರು ಹೆಣೆಯುವ ಕೋಶಗಳಲ್ಲಿ ಏರುತ್ತದೆ. 2008ರಲ್ಲಿ ಜರ್ಮನಿಯ ಥಾಮಸ್ ಥುಮ್ ಮತ್ತು ಜೊತೆಗಾರರು ಇದನ್ನು ತಡೆದರೆ ನಾರು ಕಡಿಮೆಯಾಗುತ್ತದೆ ಎಂದರು. 2010ರಲ್ಲಿ ಇನ್ನೊಂದು ತಂಡ, ಮಿರ್-21 ಇಲ್ಲದ ಇಲಿಗಳೂ, ಅದನ್ನು ಔಷಧಿಯಿಂದ ತಡೆದ ಇಲಿಗಳೂ ಹೊರೆ ಬಿದ್ದಾಗ ಉಳಿದವುಗಳಂತೆಯೇ ಆದವು, ಏನೂ ವ್ಯತ್ಯಾಸ ಕಾಣಲಿಲ್ಲ ಎಂದಿತು. ಬಳಸಿದ ಔಷಧಿಯ ರಚನೆ, ಅದರ ಉದ್ದ, ಕೊಟ್ಟ ಪ್ರಮಾಣ ಎಲ್ಲವೂ ಬೇರೆ ಬೇರೆ ಇದ್ದವು.

ಈಗ ಔಷಧಿ. ಸದ್ಯಕ್ಕೆ ಮನುಷ್ಯರವರೆಗೆ ಬಂದು ನಿಂತದ್ದು ಮಿರ್-132. ಇದು ಏರಿದಾಗ ಫಾಕ್ಸೋ3 ಎಂಬ ಪ್ರೋಟೀನ್ ತಗ್ಗುತ್ತದೆ. ಆ ಪ್ರೋಟೀನ್ ಬೆಳವಣಿಗೆಗೆ ಕಡಿವಾಣ ಹಾಕುತ್ತಿತ್ತು, ಕೋಶದೊಳಗಿನ ಕಸ ಗುಡಿಸುವ ಕೆಲಸವನ್ನೂ ನಡೆಸುತ್ತಿತ್ತು. ಅದು ತಗ್ಗಿದರೆ ಕೋಶ ಉಬ್ಬುತ್ತದೆ, ಕಸ ಉಳಿಯುತ್ತದೆ. ಥುಮ್ ಅವರ ತಂಡ ಇಲಿಯಲ್ಲಿ ಇದನ್ನು ತೋರಿಸಿದ್ದು 2012ರಲ್ಲಿ. ಆಮೇಲೆ ಹಂದಿಗಳಲ್ಲಿ ಪ್ರಯೋಗವಾಯಿತು, ಯಾಕೆಂದರೆ ಹಂದಿಯ ಹೃದಯ ಗಾತ್ರದಲ್ಲೂ ಬಡಿತದಲ್ಲೂ ನಮ್ಮದಕ್ಕೆ ಹತ್ತಿರ. 2021ರಲ್ಲಿ ಹಾರ್ಟ್ ಫೇಲ್ಯೂರ್ ಇದ್ದ 28 ಜನರ ಮೇಲಿನ ಮೊದಲ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಔಷಧಿಯ ಹೆಸರು ಸಿಡಿಆರ್132ಎಲ್. ರಕ್ತನಾಳಕ್ಕೆ ಎರಡು ಸಲ, 28 ದಿನ ಬಿಟ್ಟು ಕೊಟ್ಟರು. ಗಂಭೀರ ತೊಂದರೆ ಕಾಣಲಿಲ್ಲ, ರಕ್ತದಲ್ಲಿ ಮಿರ್-132 ಇಳಿಯಿತು. 28 ಜನರಲ್ಲಿ ಸುರಕ್ಷತೆ ನೋಡಬಹುದೇ ಹೊರತು ಲಾಭ ಸಾಬೀತು ಮಾಡೋಕಾಗಲ್ಲ. ಅದರ ನಂತರ ಹೃದಯಾಘಾತ ಆದವರ ಮೇಲೆ ದೊಡ್ಡ ಪರೀಕ್ಷೆ ಕೈಗೆತ್ತಿಕೊಂಡರು. ಗಮನಿಸಿ, ಇವರೆಲ್ಲ ಹೃದಯದ ಶಕ್ತಿ ಕುಂದಿದವರು. ನಿಮ್ಮ ತಂದೆಯವರಂತೆ ಬಿಪಿಯಿಂದ ಗೋಡೆ ದಪ್ಪವಾಗಿದ್ದು ಇನ್ನೂ ಪಂಪಿಂಗ್ ಚೆನ್ನಾಗಿರುವವರಲ್ಲ.

ಅವಸರ ಮಾಡಿದರೆ ಏನಾಗಬಹುದು ಎಂಬುದಕ್ಕೆ ಒಂದು ಪ್ರಯೋಗ ಹೇಳಲೇಬೇಕು. ಮಿರ್-199ಎ ಹೃದಯದ ಸ್ನಾಯುಕೋಶಗಳನ್ನು ಮತ್ತೆ ಒಡೆದು ಎರಡಾಗುವಂತೆ ಮಾಡುತ್ತದೆ ಎಂದು ಇಲಿಗಳಲ್ಲಿ ಗೊತ್ತಾಗಿತ್ತು. 2019ರಲ್ಲಿ ಹೃದಯಾಘಾತವಾದ ಹಂದಿಗಳಿಗೆ ಇದನ್ನು ವೈರಸ್ ಮೂಲಕ ಕೊಟ್ಟರು. ಒಂದು ತಿಂಗಳಿಗೆ ನೋಡಿದಾಗ ಗಾಯದ ಜಾಗ ಚಿಕ್ಕದಾಗಿತ್ತು, ಹೃದಯದ ಕೆಲಸ ಸುಧಾರಿಸಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಸಂಭ್ರಮದ ಸುದ್ದಿಯಾಗುತ್ತಿತ್ತು. ಆದರೆ ವೈರಸ್ ಹೊತ್ತುತಂದ ಜೀನ್ ಕೆಲಸ ನಿಲ್ಲಿಸಲಿಲ್ಲ. ಪೂರ್ತಿ ಬಲಿಯದ ಕೋಶಗಳು ಹೃದಯದೊಳಗೆ ಸೇರಿಕೊಂಡವು, ಮುಂದಿನ ವಾರಗಳಲ್ಲಿ ಚಿಕಿತ್ಸೆ ಪಡೆದ ಹಂದಿಗಳಲ್ಲಿ ಹೆಚ್ಚಿನವು ಬಡಿತ ತಪ್ಪಿ ಹಠಾತ್ತನೆ ಸತ್ತವು. ಹೃದಯ ಬರೀ ಮಾಂಸದ ಮುದ್ದೆ ಅಲ್ಲ, ಪ್ರತಿ ಕೋಶವೂ ಪಕ್ಕದ ಕೋಶಕ್ಕೆ ವಿದ್ಯುತ್ತನ್ನು ಸರಿಯಾದ ಹೊತ್ತಿಗೆ ದಾಟಿಸಬೇಕು. ಎಷ್ಟು ಕೊಟ್ಟೆವು ಎನ್ನುವಷ್ಟೇ ಎಷ್ಟು ದಿನ ಕೊಟ್ಟೆವು ಎನ್ನುವುದೂ ಮುಖ್ಯ.

ರಕ್ತ ಪರೀಕ್ಷೆ ಯಾಕೆ ಬೇಡ ಅಂದೆ ಎಂದರೆ, ಮೈಕ್ರೋಆರ್‌ಎನ್‌ಎಗಳು ರಕ್ತದಲ್ಲಿ ಸಿಗುತ್ತವೆ, ಅದು ನಿಜ. ಹೃದಯಾಘಾತವಾದಾಗ ಮಿರ್-208 ಮತ್ತು ಮಿರ್-499 ಸ್ನಾಯುವಿನಿಂದ ಸೋರಿ ರಕ್ತಕ್ಕೆ ಬರುತ್ತವೆ. ಆದರೆ ಅಳೆಯುವುದು ತುಂಬಾ ನಾಜೂಕು. ಸೂಜಿಯಲ್ಲಿ ರಕ್ತ ಎಳೆಯುವಾಗ ಕೆಲವು ಕೆಂಪುಕಣ ಒಡೆದರೂ ಸಾಕು, ಅವುಗಳೊಳಗಿನ ಮಿರ್-16, ಮಿರ್-451 ಎಲ್ಲ ಹೊರಬಂದು ಲೆಕ್ಕ ಕೆಡಿಸುತ್ತವೆ. ಹೆಪ್ಪುಗಟ್ಟದಿರಲಿ ಎಂದು ಹೆಪಾರಿನ್ ಬಳಸಿದ ಕೊಳವೆಯಾದರೆ ಪಿಸಿಆರ್ ಸರಿಯಾಗಿ ನಡೆಯುವುದೇ ಇಲ್ಲ. ಒಂದು ಲ್ಯಾಬಿನ ಅಂಕಿ ಇನ್ನೊಂದಕ್ಕೆ ತಾಳೆಯಾಗುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಅಂಕಿ ಕೈಗೆ ಬಂದರೂ ಅದನ್ನು ನೋಡಿ ನಿಮ್ಮ ತಂದೆಯವರ ಚಿಕಿತ್ಸೆಯಲ್ಲಿ ಒಂದು ಮಾತ್ರೆಯೂ ಬದಲಾಗುವುದಿಲ್ಲ. ಹಾಗಿರುವಾಗ ಸುಮ್ನೆ ಯಾಕೆ?

ಈಗ ನಿಮ್ಮ ಮನೆಯ ವಿಷಯ. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನೊಬೆಲ್ ಅಲ್ಲ, "ಮಾತ್ರೆಯನ್ನು ಆಗಾಗ ಬಿಟ್ಟುಬಿಡುತ್ತಾರೆ" ಎಂಬ ಮಾತು. ದಪ್ಪವಾದ ಗೋಡೆ ವಾಪಸ್ ತೆಳುವಾಗಬಲ್ಲದು. ಇದು ಇಲಿಯಲ್ಲಿ ಅಲ್ಲ, ಮನುಷ್ಯರಲ್ಲೇ ಸಾಬೀತಾದ ವಿಷಯ. 2002ರಲ್ಲಿ ಪ್ರಕಟವಾದ ಲೈಫ್ ಎಂಬ ಪರೀಕ್ಷೆಯಲ್ಲಿ ಬಿಪಿ ಇದ್ದು ಇಸಿಜಿಯಲ್ಲಿ ಎಲ್‌ವಿಎಚ್ ಕಂಡ 9,193 ಜನ ಇದ್ದರು. ಲೊಸಾರ್ಟನ್ ಮತ್ತು ಅಟೆನೊಲಾಲ್ ಎಂಬ ಮಾತ್ರೆಗಳು ಎರಡೂ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಸಮ ಇಳಿಸಿದವು. ಆದರೂ ಲೊಸಾರ್ಟನ್ ತೆಗೆದುಕೊಂಡವರಲ್ಲಿ ಎಲ್‌ವಿಎಚ್ ಹೆಚ್ಚು ಇಳಿಯಿತು, ಪಾರ್ಶ್ವವಾಯು ಕಡಿಮೆಯಾಯಿತು. ಎಲ್‌ವಿಎಚ್ ಇಳಿದವರಲ್ಲಿ ಮುಂದೆ ಹೃದಯದ ಅನಾಹುತಗಳೂ ಕಡಿಮೆ ಕಂಡವು. ಲೊಸಾರ್ಟನ್ ತಡೆಯುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ನಾಳಗಳನ್ನು ಬಿಗಿ ಮಾಡುವುದರ ಜೊತೆಗೆ ಹೃದಯದ ಕೋಶಕ್ಕೆ ಬೆಳೆ ಎಂದೂ ಹೇಳುತ್ತದೆ. ಮಿರ್-132 ಏರಿಸುವ ಸಂಕೇತಗಳಲ್ಲಿ ಅದೂ ಒಂದು. ಅಂದರೆ ನಿಮ್ಮ ತಂದೆಯವರ ಡಬ್ಬಿಯಲ್ಲಿರುವುದು ಲೊಸಾರ್ಟನ್ ಗುಂಪಿನ ಮಾತ್ರೆಯಾದರೆ, ಆ ಸರಪಳಿಯ ಮೇಲಿನ ಕೊಂಡಿಯನ್ನು ಅದು ಈಗಾಗಲೇ ಹಿಡಿಯುತ್ತಿದೆ. ಅವರು ಬಿಟ್ಟ ದಿನ ಬಿಟ್ಟು.

ನಡಿಗೆ, ವ್ಯಾಯಾಮ ಮಾಡಿದರೆ ಹೃದಯ ಇನ್ನಷ್ಟು ದಪ್ಪವಾಗುತ್ತಾ ಅಂತ ಅನೇಕರು ಹೆದರುತ್ತಾರೆ. ವ್ಯಾಯಾಮದ ಬೆಳವಣಿಗೆಯೇ ಬೇರೆ ಜಾತಿ. ಅದರಲ್ಲಿ ನಾರು ತುಂಬುವುದಿಲ್ಲ, ಸಣ್ಣ ನಾಳಗಳೂ ಜೊತೆಗೇ ಬೆಳೆಯುತ್ತವೆ. ಮಿರ್-222 ಎಂಬುದು ವ್ಯಾಯಾಮದಿಂದ ಏರುತ್ತದೆ, ಇಲಿಯಲ್ಲಿ ಅದನ್ನು ತಡೆದರೆ ವ್ಯಾಯಾಮದ ಆ ಒಳ್ಳೆಯ ಬೆಳವಣಿಗೆ ಆಗುವುದೇ ಇಲ್ಲ. ಬಿಪಿ ಹತೋಟಿಗೆ ಬಂದ ಮೇಲೆ, ಡಾಕ್ಟರನ್ನು ಕೇಳಿಕೊಂಡು, ದಿನವೂ ನಡೆಯಲಿ. ಉಸಿರು ಬಿಗಿಹಿಡಿದು ಭಾರ ಎತ್ತುವುದು ಮಾತ್ರ ಸದ್ಯಕ್ಕೆ ಬೇಡ.

ಇನ್ನೊಂದು ವಿಷಯ ಡಾಕ್ಟರ ಹತ್ತಿರ ಕೇಳಿ. ದಪ್ಪಕ್ಕೆ ಬಿಪಿಯೇ ಪೂರ್ತಿ ಕಾರಣ ತಾನೇ? ದಪ್ಪ 15 ಮಿಲಿಮೀಟರ್ ಮುಟ್ಟಿ ಅದಕ್ಕೆ ಬಿಪಿಯಂಥ ಕಾರಣ ಸಾಲದಿದ್ದರೆ, ಮನೆತನದಲ್ಲಿ ಬರುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂಬ ರೋಗವನ್ನು ಯೋಚಿಸಬೇಕಾಗುತ್ತದೆ. ಅದು ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ, ಮಕ್ಕಳಿಗೆ ಬರುವ ಸಾಧ್ಯತೆ ಅರ್ಧದಷ್ಟು. ಹಾಗೇ ಎಕೋದಲ್ಲಿ ಗೋಡೆ ದಪ್ಪ ಇದ್ದು ಇಸಿಜಿಯ ಗೆರೆಗಳು ಮಾತ್ರ ಗಿಡ್ಡವಾಗಿದ್ದರೆ ಅಮಿಲಾಯ್ಡ್ ಎಂಬ ಪ್ರೋಟೀನ್ ಹೃದಯದಲ್ಲಿ ಕೂತಿರಬಹುದು. ನಿಮ್ಮ ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಮತ್ತೆ ಎಕೋ ಮುಂದಿನ ತಿಂಗಳೇ ಮಾಡಿಸಬೇಡಿ. ಗೋಡೆ ಇಳಿಯಲು ತಿಂಗಳುಗಳೇ ಬೇಕು, ಬಿಪಿ ಚೆನ್ನಾಗಿ ಹಿಡಿತದಲ್ಲಿದ್ದು ಒಂದು ವರ್ಷ ಆಗಲಿ. ಆಗ ಆದಷ್ಟು ಅದೇ ಜಾಗದಲ್ಲಿ, ಹಳೇ ರಿಪೋರ್ಟ್ ಮತ್ತು ಚಿತ್ರ ಕೈಯಲ್ಲಿ ಹಿಡಿದುಕೊಂಡು ಹೋಗಿ. ಚುಕ್ಕೆ ಇಡುವ ಕೈ ಬದಲಾದರೆ ಒಂದು ಮಿಲಿಮೀಟರ್ ಆಚೀಚೆ ಆಗುತ್ತದೆ. ಹಾಗಾಗಿ 14 ಇದ್ದದ್ದು 13 ಆದರೆ ಗೋಡೆ ಇಳಿದೇಬಿಟ್ಟಿತು ಅಂದುಕೊಳ್ಳಬೇಡಿ, 15 ಆದರೆ ಗಾಬರಿಯಾಗಿ ಮಾತ್ರೆ ಬದಲಿಸಿ ಅನ್ನಲೂ ಬೇಡಿ. ಎರಡು ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಒಬ್ಬರೇ ಎರಡನ್ನೂ ಮತ್ತೆ ಅಳೆದು ಹೇಳಲಿ ಎಂದು ಕೇಳಿಕೊಳ್ಳಿ.